ದೇವಿಂದ್ರ ಕೆತ್ತಿದ ಕಾಳಮ್ಮ

ಸುರಪುರದ ಬಡಿಗೇರ ಓಣಿಯಲ್ಲಿ ಸಾಬಣ್ಣನ ಮನೆಯ ಕಟ್ಟೆಯಿಂದ ಉಳಿಯ ಸದ್ದು ಕೇಳದ ದಿನ ಯಾವುದು ಎಂದರೆ ಓಣಿಯವರು ಯೋಚಿಸಬೇಕಾಗುತ್ತಿತ್ತು. ಈ ಸಲದ ಶ್ರಾವಣದಲ್ಲಿ ಆ ಸದ್ದು ನಿಂತೇ ಹೋಯಿತು. ಸಾಬಣ್ಣನ ಒಬ್ಬನೇ ಮಗ ದೇವಿಂದ್ರ ಐದು ದಿನದ ಜ್ವರಕ್ಕೆ ತೀರಿಕೊಂಡ. ಅವನಿಗೆ ಮೂವತ್ತು ತುಂಬಿರಲಿಲ್ಲ. ಪರಿಮಳಾ ದೋರನಹಳ್ಳಿಯಿಂದ ಅವನ ಹೆಂಡತಿಯಾಗಿ ಬಂದು ಮೂರು ವರ್ಷವೂ ಆಗಿರಲಿಲ್ಲ. ಮಕ್ಕಳಿಲ್ಲ.

ಅವನು ಬಿಟ್ಟುಹೋದದ್ದು ಹೆಚ್ಚೇನಿಲ್ಲ. ಒಂದು ಮೊಬೈಲು, ಗೂಟಕ್ಕೆ ನೇತುಹಾಕಿದ ನಾಲ್ಕು ಅಂಗಿ, ಉಳಿಗಳ ಚೀಲ, ಮತ್ತೆ ಕಟ್ಟೆಯ ಮೂಲೆಯಲ್ಲಿ ಹಳೆಯ ಧೋತರ ಹೊದ್ದು ಕೂತ ಕಾಳಮ್ಮ. ಮೊಳ ಎತ್ತರದ ಮೂರ್ತಿ, ಶಿವನಿ ಕಟ್ಟಿಗೆಯದು. ಯಾರೂ ಹೇಳಿ ಮಾಡಿಸಿದ್ದಲ್ಲ. ಊರವರಿಗೆಲ್ಲ ದೇವರು ಕೆತ್ತಿಕೊಟ್ಟ ಮನೆಯಲ್ಲಿ ತಮ್ಮದೇ ಒಂದು ಒಳ್ಳೆಯ ಮೂರ್ತಿ ಇಲ್ಲವಲ್ಲ ಎಂದು ಬಾಗಿಲು ಚೌಕಟ್ಟಿನ ಕೆಲಸದ ನಡುವೆ ಸಿಕ್ಕ ಹೊತ್ತಿನಲ್ಲಿ ವರ್ಷವಿಡೀ ಕೆತ್ತಿದ್ದ. ಬೆನ್ನ ಮೇಲಿನ ಜಡೆಯನ್ನು ಎಳೆ ಎಳೆಯಾಗಿ ಬಿಡಿಸುತ್ತ ಕೂತವನಿಗೆ ಪರಿಮಳಾ ಒಮ್ಮೆ ಕೇಳಿದ್ದಳು.

“ಹಿಂದಿನ ಜಡಿ ಯಾರು ನೋಡ್ತಾರ್ರಿ?”

“ದಿನಾ ಒರಸಾಕಿ ನೋಡ್ತಾಳ. ನೀನs ಒರಸಾಕಿ.”

ಹೇಗೆ ಒರೆಸಬೇಕೆಂದೂ ಅವನೇ ಕಲಿಸಿದ್ದ. ಕಟ್ಟಿಗೆ ದೇವರಿಗೆ ನೀರು ತೋರಿಸಬಾರದು. ಒಣ ಬಟ್ಟೆ, ಅದೂ ತೊಳೆದು ತೊಳೆದು ಮೆತ್ತಗಾದದ್ದು. ಸಂದುಗಳಿಗೆ ಬಣ್ಣದ ಬ್ರಷ್ಷು. ದೀಪ ಒಂದು ಮೊಳ ದೂರ. ಬಿಸಿಲು ಬೇಡ, ಒಲೆಯ ಬದಿ ಅಂತೂ ಬೇಡವೇ ಬೇಡ. ವರ್ಷಕ್ಕೊಮ್ಮೆ ಬಟ್ಟೆಯ ತುದಿಗೆ ಎರಡು ಹನಿ ಎಣ್ಣೆ ಹಚ್ಚಿ ಉಜ್ಜಿದರೆ ನೂರು ವರ್ಷ ಇರುತ್ತಾಳೆ ಅಂದಿದ್ದ. ನೂರು ವರ್ಷದ ಮಾತಾಡಿದವನು ಮುಂದಿನ ಪಂಚಮಿಯನ್ನು ನೋಡಲಿಲ್ಲ. ನೆನೆದಾಗಲೆಲ್ಲ ಪರಿಮಳಾಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು.

ಮೂರ್ತಿಯಲ್ಲಿ ಎಲ್ಲ ಮುಗಿದಿತ್ತು, ಕಣ್ಣೊಂದು ಬಿಟ್ಟು. ಕಣ್ಣು ಕಟ್ಟಕಡೆಗೆ. ಅದು ಅವರ ಕಸುಬಿನ ಕಟ್ಟಳೆ. ಕಣ್ಣು ತೆರೆಸುವ ತನಕ ಅದು ಕಟ್ಟಿಗೆ. ಎಲ್ಲಿ ಬೇಕಾದರೂ ಇಡಬಹುದು, ಮಗ್ಗುಲಾಗಿ ಮಲಗಿಸಬಹುದು, ಮುರಿದರೆ ಅಂಟಿಸಬಹುದು. ಕಣ್ಣು ತೆರೆಸಿದ ಮೇಲೆ ಅದು ತಾಯಿ. ಆಮೇಲೆ ಮುಖಕ್ಕೆ ಸೀಳು ಬಿತ್ತೋ, ಭಿನ್ನವಾಯಿತೆಂದು ಹೊಳೆಗೆ ಕೊಡಲೇಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮಾಡಿದ್ದೇ ಈ ಕಥೆ.

ಮಗ ಹೋದ ಮೇಲೆ ಸಾಬಣ್ಣನ ಹೆಂಡತಿ ತಿಮ್ಮವ್ವ ಉಣ್ಣುವುದನ್ನೇ ಬಿಟ್ಟಳು. ಪರಿಮಳಾ ರೊಟ್ಟಿ ಚೂರು ಮಾಡಿ ಬೇಳೆಯಲ್ಲಿ ನೆನೆಸಿ ಮುಂದಿಟ್ಟರೆ ಎರಡು ತುತ್ತು ಬಾಯಿಗಿಟ್ಟು ತಟ್ಟೆ ಸರಿಸುತ್ತಿದ್ದಳು. ಬಳೆ ಮೊಣಕೈಯ ತನಕ ಜಾರತೊಡಗಿತು. ಡಾಕ್ಟರು ಶಕ್ತಿಯ ಗುಳಿಗೆ ಕೊಟ್ಟರು. ಅವನ್ನು ದಿಂಬಿನ ಕೆಳಗೆ ಕೂಡಿಟ್ಟಳು. ಹೀಗೇ ಎರಡು ತಿಂಗಳು. ಮಹಾನವಮಿಯ ಹಿಂದಿನ ದಿನ ಗೋಡೆಗೊರಗಿ ಕೂತವಳು ಒಮ್ಮೆಲೇ ಬಾಯಿಬಿಟ್ಟಳು.

“ನನ್ನ ಮಗಾ ಮಾಡಿದ ತಾಯಿ ಮೂಲ್ಯಾಗ ಕುರುಡಿ ಆಗಿ ಕುಂತಾಳ. ಕಣ್ಣು ತೆರಸ್ರಿ.”

“ವರ್ಷ ತುಂಬಿಲ್ಲ,” ಅಂದ ಸಾಬಣ್ಣ. “ಮ್ಯಾಲ ನನ್ನ ಕೈ ನಡುಗ್ತಾವ.”

“ನಡುಗ್ಲಿ. ನಾ ಇರೋದರಾಗ ತೆರಸ್ರಿ. ನಾಳಿಗೆ ನಾನೂ ಹೋಗಾಕಿ.”

ಸಾಬಣ್ಣ ಸೊಸೆಯ ಮುಖ ನೋಡಿದ. ಪರಿಮಳಾ ಬೇಡ ಅನ್ನುವುದರಲ್ಲಿದ್ದಳು. ದೇವಿಂದ್ರ ಎಲ್ಲಿಗೆ ಬಿಟ್ಟಿದ್ದನೋ ಅಲ್ಲಿಗೇ ಇರಲಿ, ಅವನ ಉಳಿ ನಿಂತ ಜಾಗದಲ್ಲಿ ಇನ್ನೊಬ್ಬರ ಉಳಿ ಯಾಕೆ ಅನ್ನಿಸಿತ್ತು. ಆದರೆ ಅತ್ತೆ ಎರಡು ತಿಂಗಳಲ್ಲಿ ಬಾಯಿಬಿಟ್ಟು ಬೇಡಿದ್ದು ಅದೊಂದೇ. ಬಾಯಿ ಮುಚ್ಚಿಕೊಂಡಳು.

ಬೆಳಗಿನ ಜಾವ ಸಾಬಣ್ಣ ಜಳಕ ಮಾಡಿ ಮಗನ ಸಣ್ಣ ಉಳಿ ತೆಗೆದುಕೊಂಡ. ದೀಪ ಹಿಡಿಯಲು ಪರಿಮಳಾ ಹಿಂಜರಿದಳು, ಗಂಡ ಸತ್ತವಳು ಹಿಡಿದರೆ ಓಣಿಯ ಹೆಂಗಸರು ಏನಂದಾರು ಎಂದು. ತಿಮ್ಮವ್ವ ಗದರಿದಳು.

“ನನ್ನ ಸೊಸಿ ಹಿಡೀತಾಳ. ಯಾರ್ಯಾರು ಏನೇನು ಅಂತಾರ, ನನ್ನ ಮುಂದ ಬಂದು ಅನ್ಲಿ.”

ಎರಡು ಗೀರು, ಎರಡು ಬೊಟ್ಟು. ಎಡಗಣ್ಣು ಕೂದಲೆಳೆಯಷ್ಟು ಕೆಳಗೆ ಬಂತು. ಸಾಬಣ್ಣ ಉಳಿಯನ್ನು ಅಲ್ಲೇ ಇಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಕಾಳಮ್ಮ ದೇವರ ಕೋಣೆಗೆ ಬಂದಳು.

ಅವತ್ತೇ ತಿಮ್ಮವ್ವ ಅವಳಿಗೆ ಜಳಕ ಹಾಕಿದಳು. ಮೊದಲು ಹಾಲು, ಆಮೇಲೆ ಬೆಚ್ಚನ್ನ ನೀರು, ಅರಿಸಿನ, ಮತ್ತೆ ನೀರು. ಅಗಲವಾದ ಹಿತ್ತಾಳೆ ಪರಾತದಲ್ಲಿ ಕೂರಿಸಿ ಬೆನ್ನು ತಿಕ್ಕಿದಳು. ಕಿವಿಯ ಹಿಂದೆ ಬೆರಳಾಡಿಸಿದಳು. ಆಮೇಲೆ ಎದ್ದು ಬಂದು, “ರೊಟ್ಟಿ ಬಿಸಿ ಅದಾವೇನು?” ಅಂದಳು. ಪುಂಡಿಪಲ್ಯದ ಜೊತೆ ಒಂದೂವರೆ ರೊಟ್ಟಿ ಉಂಡಳು. ಸಾಬಣ್ಣ ತನ್ನ ತಟ್ಟೆ ಮರೆತು ಹೆಂಡತಿಯ ಬಾಯನ್ನೇ ನೋಡುತ್ತ ಕೂತ.

ಅಲ್ಲಿಂದ ಮಂಗಳವಾರ, ಶುಕ್ರವಾರ ತಪ್ಪದೆ ಜಳಕ. ಹಾಲು ಬದಿಯ ಮನೆಯ ಚಮನಬೀಯ ಎಮ್ಮೆಯದು. ಬರುವುದು ಅರ್ಧ ಲೀಟರು, ಅದರಲ್ಲಿ ಮುಕ್ಕಾಲು ಪಾಲು ಪರಾತಕ್ಕೆ. ಪರಿಮಳಾ ತಹಶೀಲ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಒಂಬತ್ತಕ್ಕೆ ಬಾಗಿಲು ತೆಗೆಯಬೇಕು, ಚಹಾ ಇಲ್ಲದೆ ಅವಳ ಕಾಲು ಏಳುತ್ತಿರಲಿಲ್ಲ.

“ಅತ್ತಿ, ಚಾಕ್ಕ ಹಾಲs ಇಲ್ಲಲ್ರಿ.”

“ಕರೀ ಚಾ ಕುಡಿ. ತಾಯಿ ಜಳಕ ಆಗ್ಯದ.”

ಹಾಲಿನ ತಂಬಿಗೆ ತಿರುಗಿ ಒಯ್ಯಲು ಬಂದ ಚಮನಬೀ ನಕ್ಕಳು. “ದೇವ್ರಿಗೆ ಹಾಲು, ದುಡಿಯೋರಿಗೆ ಕರೀ ಚಾ. ನಿಮ್ಮ ಅತ್ತಿ ಕಾನೂನು ಭಾರಿ ಅದ ನೋಡವಾ, ಪರಿಮಳಾ.”

ಹಾಲು ಹೋದರೆ ಹೋಗಲಿ, ಪರಿಮಳಾಗೆ ಅದರ ಚಿಂತೆಯಿರಲಿಲ್ಲ. ಮೂರನೆಯ ವಾರ ಒಣ ಬಟ್ಟೆಯಿಂದ ಒರೆಸುವಾಗ ಪೀಠದ ಬದಿಯಲ್ಲಿ ಒಂದು ಗೆರೆ ಕಂಡಿತು. ಉಗುರು ಆಡಿಸಿದಳು. ಉಗುರು ಸಿಕ್ಕಿಕೊಂಡಿತು.

“ಅತ್ತಿ, ಕಟ್ಟಿಗಿ ದೇವ್ರಿಗೆ ನೀರು ಹಾಕಬಾರದ್ರಿ. ಇವರs ಹೇಳ್ತಿದ್ರು.”

“ಅವ ಹುಟ್ಟಿದಾಗಿಂದ ಅವನ ಮೈ ತೊಳದಾಕಿ ನಾನು. ನನಗ ಹೇಳಾಕ ಬರ್ತಿ?”

“ಸೀಳಾಕತ್ತದ್ರಿ. ಇಲ್ಲಿ ಕೈ ಇಟ್ಟು ನೋಡ್ರಿ.”

“ನೀರಿಗೆ ಸೀಳ್ತಾಳಂದ್ರ ಅಕಿ ಎಂಥಾ ತಾಯಿ? ನಿನಗ ಹಾಲಿನ ಸಂಕಟ. ಹಂಗಂತ ಹೇಳಿಬಿಡು.”

ಪರಿಮಳಾ ಮುಖ ಗಂಟು ಹಾಕಿಕೊಂಡು ಕೆಲಸಕ್ಕೆ ಹೋದಳು. ಸಂಜೆ ಬಂದವಳು ಅಡಿಗೆಮನೆಗೆ ಹೋಗದೆ ಸೀದಾ ಕಟ್ಟೆಗೆ ಹೋಗಿ ಮಾವನ ಮುಂದೆ ನಿಂತಳು. ಸಾಬಣ್ಣ ಯಾರದೋ ಮಂಚದ ಕಾಲು ಕೆರೆಯುತ್ತಿದ್ದ.

“ಮಾವ, ನಿಮಗ ಗೊತ್ತಿಲ್ಲೇನ್ರಿ? ಅತ್ತಿಗೆ ಒಂದು ಮಾತು ಹೇಳ್ರಿ.”

“ಐವತ್ತು ವರ್ಷ ಕಟ್ಟಿಗಿ ಸಂಗಾಟ ಬಾಳೇ ಮಾಡೀನಿ. ಗೊತ್ತಿಲ್ದ ಏನು.” ಅವನು ಕೈ ನಿಲ್ಲಿಸಲಿಲ್ಲ. “ಹಸಿ ಆಗ್ತದ, ಉಬ್ಬತದ. ಒಣಗ್ತದ, ಸೆಟೀತದ. ಹಂಗs ನಡದ್ರ ಸೀಳಲಾರದ ಏನ್ ಮಾಡ್ತದ.”

“ಮತ್ತ?”

“ಅಕಿ ಉಣ್ಣಾಕತ್ಯಾಳವ್ವ.”

ಪರಿಮಳಾ ಹೆಗಲ ಚೀಲ ಕೆಳಗಿಟ್ಟಳು.

“ಮಗಾ ಹೋದ,” ಅಂದ ಸಾಬಣ್ಣ. “ಅಕೀನೂ ಹೋದ್ರ ನಾ ಯಾರ ಮಾರಿ ನೋಡ್ಲಿ? ಕಟ್ಟಿಗಿ ಹೋದ್ರ ಹೋಗ್ಲಿ.”

“ಅದು ಬರೇ ಕಟ್ಟಿಗಿ ಅಲ್ರಿ, ಮಾವ. ಅವರದು ಅಂತ ನನಗ ಮತ್ತೇನದ?”

ಸಾಬಣ್ಣನ ಕೈ ಆಗ ನಿಂತಿತು. ಪರಿಮಳಾಳ ಅವ್ವ ದೋರನಹಳ್ಳಿಯಿಂದ ಎರಡು ದಿನಕ್ಕೊಮ್ಮೆ ಫೋನು ಮಾಡಿ, “ಬಂದುಬಿಡು, ಅಲ್ಲಿ ಏನಿಟ್ಟಿ?” ಎಂದು ಕೇಳುತ್ತಿದ್ದಳು. ಏನಿಟ್ಟಿದ್ದೇನೆಂದು ಪರಿಮಳಾಗೆ ಚೆನ್ನಾಗಿ ಗೊತ್ತಿತ್ತು. ಬೆನ್ನ ಮೇಲೆ ಎಳೆ ಎಳೆಯಾದ ಜಡೆಯಿರುವ ಮೊಳ ಎತ್ತರದ ಕಟ್ಟಿಗೆ. ಫೋನಿನಲ್ಲಿ ಅದನ್ನು ಹೇಳುವುದು ಹೇಗೆ? “ಇನ್ನೊಂದು ತಿಂಗಳು ತಡಿ,” ಅನ್ನುತ್ತಿದ್ದಳು.

ಸೀಳು ನಿಲ್ಲಲಿಲ್ಲ. ಕಾರ್ತಿಕದಲ್ಲಿ ಗಾಳಿ ಒಣಗಿತು. ಪೀಠದಿಂದ ನಿರಿಗೆಗೆ, ನಿರಿಗೆಯಿಂದ ಮೊಣಕಾಲಿಗೆ ಏರಿತು. ಚಮನಬೀಯ ಗಂಡ ಅಲ್ಲಾಬಕ್ಷ ಫರ್ನಿಚರ್ ಪಾಲಿಶ್ ಮಾಡುವವನು, ದೇವಿಂದ್ರನ ಗೆಳೆಯ. ಪರಿಮಳಾ ಅವನನ್ನು ಕರೆಸಿದಳು. ಅವನು ಹೊರಗೆ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಬಂದು, ಜೇನುಮೇಣಕ್ಕೆ ಕಟ್ಟಿಗೆಯ ಹೊಟ್ಟು ಕಲಸಿ ಸೀಳಿನೊಳಗೆ ಬೆರಳಿನಿಂದ ಒತ್ತಿದ.

“ವೈನಿ, ಸೀರಿ ಮ್ಯಾಲ ಇರೋತನ ಇದು ನನ್ನ ಕೆಲಸ. ಮಾರಿಗೆ ಏರಿತಂದ್ರ ನನ್ನ ಕೈಯಾಗಿಲ್ಲ. ಆ ನೀರು ನಿಲ್ಲಿಸ್ರಿ. ಅರಿವಿ ಸುತ್ತಿ ನೆರಳಾಗ ಇಡ್ರಿ, ಒಂದು ತಿಂಗಳು ಯಾರೂ ಮುಟ್ಟಬ್ಯಾಡ್ರಿ. ತಾನs ಹದಕ್ಕ ಬರ್ತದ.”

ಆ ಸಂಜೆ ಸಾಬಣ್ಣ ಧೈರ್ಯ ಮಾಡಿದ. ಉಂಡು ಕೈ ತೊಳೆದ ಮೇಲೆ ಹೆಂಡತಿಗೆ ಮೆಲ್ಲಗೆ ಹೇಳಿದ, ಹಿಂದೆ ತನ್ನ ಅಪ್ಪನ ಕಾಲಕ್ಕೆ ಬಣ್ಣದ ದೇವರಿಗೆ, ಕಟ್ಟಿಗೆಯ ದೇವರಿಗೆ ಕನ್ನಡಿ ಜಳಕ ಮಾಡುತ್ತಿದ್ದರು ಎಂದು. ಎದುರಿಗೆ ಕನ್ನಡಿ ಹಿಡಿದು ಅದರಲ್ಲಿ ಬಿದ್ದ ತಾಯಿಯ ಬಿಂಬಕ್ಕೆ ನೀರು ಹಾಕುವುದು. ಅದೂ ಶಾಸ್ತ್ರವೇ, ಕಡಿಮೆಯೇನಲ್ಲ. ತಿಮ್ಮವ್ವ ಗಂಡನನ್ನೂ ಸೊಸೆಯನ್ನೂ ನೋಡಿದಳು.

“ಇಬ್ರೂ ಕೂಡಿ ಮಾತಾಡೀರಿ,” ಅಂದಳು. “ಆಗ್ಲಿ. ಕನ್ನಡಿ ತರ್ರಿ.”

ಎರಡು ವಾರ ಮನೆ ತಣ್ಣಗಿತ್ತು. ಕನ್ನಡಿಯ ಮೇಲೆ ಹಾಲು ಇಳಿಯಿತು. ಚಹಾಕ್ಕೂ ಹಾಲು ಉಳಿಯಿತು. ಸೀಳು ಮೊಣಕಾಲಿನ ಹತ್ತಿರ ನಿಂತಲ್ಲೇ ನಿಂತಿತ್ತು. ಪರಿಮಳಾ ದಿನಾ ಸಂಜೆ ದಾರದಿಂದ ಅಳೆಯುತ್ತಿದ್ದಳು. ಆದರೆ ತಿಮ್ಮವ್ವನ ತಟ್ಟೆಯಲ್ಲಿ ಮತ್ತೆ ಅರ್ಧ ರೊಟ್ಟಿ ಉಳಿಯತೊಡಗಿತು. ಆಮೇಲೆ ಮುಕ್ಕಾಲು.

“ಯಾಕ್ರಿ ಅತ್ತಿ, ಉಪ್ಪು ಕಡಿಮಿ ಆಗ್ಯದೇನು?”

“ಉಪ್ಪು ಬರೋಬರಿ ಅದ.” ತಿಮ್ಮವ್ವ ತನ್ನ ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡಿದಳು. “ಕನ್ನಡಿಗೆ ಬೆನ್ನಿಲ್ಲ ಪರಿಮಳಾ. ನನ್ನ ಕೈಗೆ ಏನೂ ಹತ್ತಂಗಿಲ್ಲ.”

ಆ ಮಾತು ಪರಿಮಳಾಗೆ ತಿಳಿಯಿತು. ತಿಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವಳೂ ಒರೆಸುವ ನೆಪದಲ್ಲಿ ಆ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂಡುವವಳೇ. ಆದರೂ ಒಂದು ತಿಂಗಳು ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡಳು. ಎದ್ದು ತಟ್ಟೆ ಎತ್ತಿಟ್ಟಳು.

ಮಾರ್ಗಶಿರದ ನಡುವೆ ತಿಮ್ಮವ್ವ ಮತ್ತೆ ಚೆನ್ನಾಗಿ ಉಣ್ಣತೊಡಗಿದಳು. ಕನ್ನಡಿಗೆ ಹೊಂದಿಕೊಂಡಳು ಎಂದುಕೊಂಡರು ಗಂಡನೂ ಸೊಸೆಯೂ. ಸಾಬಣ್ಣನಿಗೆ ಶಹಾಪುರದಲ್ಲಿ ಒಂದು ಮನೆಯ ಚೌಕಟ್ಟಿನ ಕೆಲಸ ಸಿಕ್ಕಿತ್ತು. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾಗುವಾಗ ಬರುತ್ತಿದ್ದ. ಪರಿಮಳಾ ಅಂಗಡಿಗೆ. ಹಗಲೆಲ್ಲ ಮನೆಯಲ್ಲಿ ತಿಮ್ಮವ್ವ ಒಬ್ಬಳೇ.

ಎಳ್ಳಮವಾಸ್ಯೆಯ ದಿನ ಜೆರಾಕ್ಸ್ ಅಂಗಡಿಯವರು ಮಧ್ಯಾಹ್ನಕ್ಕೇ ಬಾಗಿಲು ಹಾಕಿದರು. ಹಬ್ಬದ ಭಜ್ಜಿಗೆ, ಹತ್ತು ಬಗೆ ಬೆರೆಸಿ ಬೇಯಿಸುವ ಪಲ್ಯಕ್ಕೆ, ಕಾಯಿಪಲ್ಯ ಹಿಡಿದುಕೊಂಡು ಪರಿಮಳಾ ಮನೆಯ ಹೊಸ್ತಿಲು ದಾಟಿದಳು. ಅಡಿಗೆಮನೆಯಲ್ಲಿ ‘ಚಟ್’ ಎಂದು ಸದ್ದಾಯಿತು. ಒಲೆಯಲ್ಲಿ ಕಟ್ಟಿಗೆ ಸಿಡಿಯಿತು ಎಂದುಕೊಂಡಳು. ಒಳಗೆ ಹೋಗಿ ನೋಡಿದರೆ ಒಲೆಯ ಬದಿಗೆ, ಕೆಂಡಕ್ಕೆ ಬೆನ್ನು ಮಾಡಿ, ಒದ್ದೆ ಮೈಯ ಕಾಳಮ್ಮ ಕೂತಿದ್ದಳು. ಪಕ್ಕದಲ್ಲಿ ತಿಮ್ಮವ್ವ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದಳು. ಸೀಳು ಹೊಟ್ಟೆ, ಎದೆ, ಕುತ್ತಿಗೆ ದಾಟಿ, ಕೆನ್ನೆ ಹಾದು ಎಡಗಣ್ಣಿಗೆ ಮುಟ್ಟಿತ್ತು.

ಪರಿಮಳಾಳ ಕೈಯಿಂದ ಚೀಲ ಬಿತ್ತು. “ಅತ್ತಿ, ಏನು ಮಾಡಿದ್ರಿ?”

“ಸಂಜಿಗೆ ನೀ ಮುಟ್ಟಿ ನೋಡ್ತಿ,” ತಿಮ್ಮವ್ವ ತೊದಲಿದಳು. “ಹಸಿ ಇದ್ರ ಬೈತಿ. ಅದಕ್ಕ ಲಗೂನ ಒಣಗಿಸಾಕತ್ತಿದ್ದೆ. ದಿನಾ ಹಂಗs ಮಾಡ್ತಿದ್ದೆ. ಇವತ್ತು ಯಾಕೋ...”

ನೀರಿನಿಂದ ನಿಧಾನಕ್ಕೆ ಆಗುವುದನ್ನು ಬೆಂಕಿ ಒಂದೇ ಹೊತ್ತಿಗೆ ಮುಗಿಸಿತ್ತು. ಸೊಸೆಯ ಬಾಯಿಗೆ ಹೆದರಿ ಅತ್ತೆ ಒಲೆಯ ಬದಿಗಿಟ್ಟಿದ್ದಳು. ಮುದುಕಿಯನ್ನು ಬೈಯಬೇಕೋ, ತನ್ನನ್ನೇ ಬೈದುಕೊಳ್ಳಬೇಕೋ ಪರಿಮಳಾಗೆ ಗೊತ್ತಾಗಲಿಲ್ಲ. ಮೂರ್ತಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಆ ದಿನ ಭಜ್ಜಿ ಆಗಲಿಲ್ಲ.

ಸಾಬಣ್ಣ ಶಹಾಪುರದಿಂದ ಬಂದು ಸೀಳನ್ನು ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರಿದ. ಕೆನ್ನೆಯ ಹತ್ತಿರ ಬೆರಳು ನಿಂತಿತು.

“ಭಿನ್ನ ಆತು. ಸಂಕ್ರಾಂತಿಗೆ ಮೊದಲ ಹೊಳಿಗೆ ಕೊಡಬೇಕು.”

“ಇಲ್ರಿ ಮಾವ,” ಅಂದಳು ಪರಿಮಳಾ. ಮದುವೆಯಾಗಿ ಬಂದಾಗಿನಿಂದ ಅವಳು ಅವನಿಗೆ ಇಲ್ಲ ಅಂದದ್ದು ಅದೇ ಮೊದಲು. “ಕಣ್ಣು ಕೆರದು ತೆಗದುಬಿಡ್ರಿ. ನೀವs ತೆರಸೀರಿ, ನೀವs ತೆಗೀರಿ. ಮತ್ತ ಕಟ್ಟಿಗಿ ಆಗ್ತದ. ಪೂಜಿ ಬ್ಯಾಡ, ಏನೂ ಬ್ಯಾಡ. ನನ್ನ ಟ್ರಂಕಿನಾಗ ಇಟ್ಕೊಂತೀನಿ.”

“ಹಂಗ ಆಗಂಗಿಲ್ಲವ್ವ.”

“ಯಾಕ ಆಗಂಗಿಲ್ರಿ? ಕೈ ನಡುಗಿದ್ರೂ ತೆರಸಿದ್ರಿ.”

“ಬಂದು ಕುಂತ ತಾಯಿ ಕಣ್ಣು ಕೀಳು ಅಂತಿಯಲ್ಲ, ನನ್ನ ಕೈಲೆ ಹೆಂಗ ಆಗ್ತದ?” ಸಾಬಣ್ಣನ ದನಿ ಏರಿತು, ಏರಿದ್ದು ಅಲ್ಲೇ ಒಡೆಯಿತು. “ಮನಿಯಾಗ ಭಿನ್ನಾದ ತಾಯಿನ ಇಟ್ಕೊಂಡು ನಾಳಿಗೆ ನಿನಗೇನಾರ ಆತಂದ್ರ? ಇನ್ನೊಂದು ಹೆಣ ಹೊರಾಕ ನನಗ ಹೆಗಲಿಲ್ಲ.”

ಪರಿಮಳಾ ಮೂರ್ತಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಮಹಾನವಮಿಯ ಬೆಳಗಿನ ಜಾವ ದೀಪ ಹಿಡಿದದ್ದು ತಾನೇ. ಅವತ್ತು ಒಂದು ಮಾತು ಬೇಡ ಅಂದಿದ್ದರೆ ಇವತ್ತು ಅದು ಸೀಳಿದ ಕಟ್ಟಿಗೆಯಷ್ಟೇ ಆಗಿರುತ್ತಿತ್ತು, ಅವಳದಾಗಿರುತ್ತಿತ್ತು. ಗೋಡೆಯ ಕಡೆ ಮುಖ ಮಾಡಿ ಕೂತ ತಿಮ್ಮವ್ವ, ಯಾರನ್ನೂ ನೋಡದೆ, “ನಾ ಬೇಡಿದ್ದು ತಪ್ಪಾತು,” ಎಂದು ಒಂದೇ ಸಲ ಹೇಳಿದಳು.

ಸೋಮವಾರ ಮೂವರೂ ತಿಂಥಣಿಯ ಬಸ್ಸು ಹತ್ತಿದರು. ಪರಿಮಳಾ ಕೆಂಪು ವಸ್ತ್ರ ಸುತ್ತಿದ ಕಾಳಮ್ಮನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಂಡಕ್ಟರು ಕೂಸು ಎಂದು ತಿಳಿದು, “ಹುಷಾರವ್ವ, ಮುಂದ ಗುಂಡಿ ಅದಾವ,” ಅಂದ. ಅವಳು ಕೈ ಅಡ್ಡ ಹಿಡಿದಳು.

ಕೃಷ್ಣೆ ಇಳಿದಿತ್ತು. ಸೇತುವೆಯ ಕೆಳಗೆ ಬಂಡೆಗಳ ನಡುವೆ ನೀರು ನಿಧಾನ ಹರಿಯುತ್ತಿತ್ತು. ಸಾಬಣ್ಣ ವಸ್ತ್ರ ಬಿಚ್ಚಿ ಅರಿಸಿನ ಕುಂಕುಮ ಏರಿಸಿದ, ಕರ್ಪೂರ ಹಚ್ಚಿದ. ಕಡೆಯ ಜಳಕ ತಾನೇ ಹಾಕುತ್ತೇನೆ ಅಂದಳು ತಿಮ್ಮವ್ವ. ಯಾರೂ ತಡೆಯಲಿಲ್ಲ. ಇನ್ನು ತಡೆದು ಮಾಡುವುದೇನಿತ್ತು? ಮೂರ್ತಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಹೊಳೆಯ ನೀರನ್ನು ಬೊಗಸೆಯಲ್ಲಿ ತುಂಬಿದಳು. ಬೊಗಸೆ ಎತ್ತಿದವಳು ಹಾಗೇ ಕೂತಳು. ನೀರೆಲ್ಲ ಬೆರಳ ಸಂದಿಯಲ್ಲಿ ಸೋರಿಹೋಯಿತು. ಕೈಯನ್ನು ಸೀರೆಗೆ ಒರೆಸಿಕೊಂಡು, ಸೆರಗಿನ ಒಣ ತುದಿಯಿಂದ ಕಾಳಮ್ಮನ ಮುಖ ಒರೆಸಿದಳು, ಆಮೇಲೆ ಬೆನ್ನು.

“ಹಿಂಗ ಒರಸಬೇಕು ಅಂತಿದ್ದ ಹೌದಿಲ್ಲ, ಪರಿಮಳಾ?”

“ಹೌದ್ರಿ, ಅತ್ತಿ.”

“ತಗೋ. ನನಗ ನೋಡಾಕ ಆಗಂಗಿಲ್ಲ.” ತಿಮ್ಮವ್ವ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

ಪರಿಮಳಾ ಸೊಂಟದ ತನಕ ನೀರಿಗಿಳಿದು ಮೂರ್ತಿಯನ್ನು ಬಿಟ್ಟಳು. ಅದು ಮುಳುಗಲಿಲ್ಲ. ಅಂಗಾತ ತೇಲಿ ಒಂದು ಸುತ್ತು ತಿರುಗಿ ಮತ್ತೆ ಅವಳ ಹೊಟ್ಟೆಗೇ ಬಂದು ತಾಗಿತು. ಐವತ್ತು ವರ್ಷ ಕಟ್ಟಿಗೆಯ ಸಂಗಡ ಬಾಳಿದ ಸಾಬಣ್ಣನಿಗೆ ಒಂದು ಕಲ್ಲು ಕಟ್ಟಬೇಕೆಂಬುದು ಆ ದುಃಖದಲ್ಲಿ ಹೊಳೆದಿರಲಿಲ್ಲ.

“ಒತ್ತಿ ಹಿಡಿಯವ್ವ,” ಅಂದ ದಂಡೆಯಿಂದ. “ನೀರು ಕುಡದ್ರ ಹೋಗ್ತದ.”

ಅವಳು ಎರಡೂ ಕೈಯಿಂದ ಒತ್ತಿದಳು. ಮುಖ ನೀರಿನೊಳಗೆ ಹೋಯಿತು, ಕಣ್ಣು ಮೇಲೆ ನೋಡುತ್ತಿತ್ತು. ಅಂಗೈ ಕೆಳಗೆ ಕಟ್ಟಿಗೆ ಬಲವಾಗಿ ಮೇಲಕ್ಕೆ ಒತ್ತುತ್ತಿತ್ತು. ಒಳಗೆ ಇನ್ನೂ ಗಟ್ಟಿಯಿತ್ತು, ಹಗುರಾಗಿತ್ತು, ಬಾಳುವ ಕಟ್ಟಿಗೆಯಾಗಿತ್ತು. ದೇವಿಂದ್ರ ಆರಿಸಿ ತಂದದ್ದು ಸುಳ್ಳಾಗಿರಲಿಲ್ಲ. ಶ್ರಾವಣದಿಂದ ಒಂದು ಹನಿ ಕಣ್ಣೀರೂ ಹಾಕದೆ ಮನೆಯನ್ನು ನಡೆಸಿದ ಪರಿಮಳಾ ಆಗ ಅತ್ತಳು. ಗಂಡನ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ಒತ್ತಿದ ಕೈ ಬಿಟ್ಟುಬಿಟ್ಟಳು. ಕಾಳಮ್ಮ ಮೇಲಕ್ಕೆದ್ದು, ಈ ಸಲ ಸೆಳವಿಗೆ ಸಿಕ್ಕು, ಮೆಲ್ಲಗೆ ಸರಿಯತೊಡಗಿದಳು.

“ಮುಳುಗಿದಳೇನು?” ಸೆರಗಿನೊಳಗಿಂದ ತಿಮ್ಮವ್ವ ಕೇಳಿದಳು.

ಸಾಬಣ್ಣ ಸೊಸೆಯನ್ನು ನೋಡಿದ. ಮೂರ್ತಿ ಹತ್ತು ಮಾರು ಆಚೆ, ಬಿಸಿಲಿನಲ್ಲಿ ಮುಖ ಮೇಲಾಗಿ ಹೋಗುತ್ತಿತ್ತು.

“ಮುಳುಗಿದಳ್ರಿ, ಅತ್ತಿ,” ಅಂದಳು ಪರಿಮಳಾ. “ಸುಮ್ಮನ ಹೋದಳು. ನೀವು ಸೆರಗು ತಗೀಬ್ಯಾಡ್ರಿ, ನಾ ಬಂದು ಎಬ್ಬಸ್ತೀನಿ.”

ಅದು ಸೇತುವೆಯ ಕಂಬಗಳನ್ನು ದಾಟಿ ಕಣ್ಮರೆಯಾಗುವ ತನಕ ಅವಳು ನೀರಿನಲ್ಲೇ ನಿಂತಿದ್ದಳು.